ಅಂಟು ಕುಡಿದ ಗೋಡೆ

"ಏನ್ ಬೇಕಾದ್ರೂ ಅಂಟಿಸ್ಕೊಳಮ್ಮ, ನಂದೇನೂ ಅಡ್ಡಿಯಿಲ್ಲ. ಆದ್ರೆ ಆ ಹಿಂದಿನ ಕೋಣೆ ಗೋಡೆಗೆ ಹಿಟ್ಟಿನ ಅಂಟು ಮಾತ್ರ ಹಚ್ಬೇಡ."

ಬೀಗದ ಕೈ ಕೊಡುತ್ತಾ ಮನೆ ಒಡತಿ ಹೀಗೆಂದಾಗ ಜಾಣಿಗೆ ನಗು ತಡೆಯಲಾಗಲಿಲ್ಲ.

"ಯಾಕೆ ಆಂಟಿ, ನಿಮ್ಮ ಗೋಡೆಗೆ ಅಜೀರ್ಣ ಆಗುತ್ತಾ?"

ಒಡತಿ ನಗಲಿಲ್ಲ. ಅವರ ಮುಖ ಕದ್ದು ಸಿಕ್ಕಿಬಿದ್ದವರ ಮುಖದಂತೆ ಕೆಳಗಾಯಿತು. "ಅಂಗಡೀಲಿ ಪುಡಿ ಸಿಗುತ್ತೆ, ಡಬ್ಬಿ ಗೋಂದು ಸಿಗುತ್ತೆ. ಅದನ್ನ ಹಚ್ಕೋ. ಒಲೆ ಮೇಲೆ ಕಾಸಿದ್ದು ಬೇಡ."

"ಕಾರಣ ಹೇಳಿ, ಕೇಳ್ತೀನಿ."

"ನಮ್ಮ ಮನೆತನದ ಮಾತು. ಕೆದಕಬೇಡಮ್ಮ." ಅಷ್ಟು ಹೇಳಿ ಅವರು ಪಕ್ಕದಲ್ಲೇ ಇದ್ದ ತಮ್ಮ ಮನೆಗೆ ಹೋಗಿ ಬಾಗಿಲು ಹಾಕಿಕೊಂಡರು.

ಜಾಣಿ ಎಂಬುದು ಅವಳ ಹೆಸರಲ್ಲ. ಚಿಕ್ಕಂದಿನಲ್ಲಿ ಅಪ್ಪ ಕರೆದದ್ದು ಹಾಗೇ ಅಂಟಿಕೊಂಡಿತ್ತು; ಮದುವೆಯಾದ ಮೇಲೆ ಗಂಡನೂ ಹಾಗೇ ಕರೆದ, ಅತ್ತೆಯೂ ಹಾಗೇ ಕರೆದರು. ರಕ್ತ ಪರೀಕ್ಷೆಯ ಲ್ಯಾಬಿನಲ್ಲಿ ಅವಳಿಗೆ ಕೆಲಸ. ಕಣ್ಣಿಗೆ ಕಾಣದ್ದನ್ನೂ ಗಾಜಿನ ಕೆಳಗಿಟ್ಟು ಕಂಡೇ ತೀರಬೇಕು ಎನ್ನುವ ಜಾತಿ ಅವಳದು. ಕೆದಕಬೇಡ ಎಂದ ಮಾತನ್ನು ಅವಳು ಸಂಜೆಯೊಳಗೆ ಗಂಡನಿಗೆ ಫೋನಿನಲ್ಲಿ ಹೇಳಿ ಇಬ್ಬರೂ ನಕ್ಕಾಗಿತ್ತು.

ಗಂಡ ಸೇತುವೆ ಕಟ್ಟುವ ಕಡೆ ಮೇಲ್ವಿಚಾರಕ. ಮನೆಗೆ ಬಂದರೆ ಬಂದ, ಇಲ್ಲದಿದ್ದರೆ ಇಲ್ಲ. ಬಚ್ಚಲಲ್ಲಿ ಜಾರಿ ಸೊಂಟದ ಮೂಳೆ ಮುರಿದುಕೊಂಡಿದ್ದ ಅತ್ತೆಗೆ ಆಪರೇಷನ್ ಆಗಿತ್ತು. ಹಾಸಿಗೆ ಬಿಟ್ಟು ಏಳುವ ಹಾಗಿಲ್ಲ ಎಂದಿದ್ದರು ವೈದ್ಯರು. ಅದಕ್ಕೆಂದೇ ಮೆಟ್ಟಿಲಿಲ್ಲದ ಈ ಮನೆ ಹಿಡಿದದ್ದು, ಜಾಣಿ ರಜೆ ಹಾಕಿದ್ದು. ಹಿಂದಿನ ಕೋಣೆಯೇ ಅತ್ತೆಗೆ ಅನುಕೂಲ. ಬಚ್ಚಲು ಅಲ್ಲೇ ಪಕ್ಕದಲ್ಲಿತ್ತು. ಆದರೆ ಅಲ್ಲಿನ ಗೋಡೆ ನೋಡುವ ಹಾಗಿರಲಿಲ್ಲ. ಸುಣ್ಣ ಹಪ್ಪಳ ಹಪ್ಪಳವಾಗಿ ಎದ್ದಿತ್ತು, ಮೂಲೆಗಳಲ್ಲಿ ಬೂಷ್ಟು ಹಿಡಿದು ಕಪ್ಪಾಗಿತ್ತು. ದಿನವಿಡೀ ಮಲಗಿದವರು ಇದನ್ನೇ ನೋಡುತ್ತಿರಬೇಕೆ? ಚೆಂದದ ಕಾಗದ ಅಂಟಿಸಿಬಿಡೋಣ, ಅದೂ ತನ್ನ ಕೈಯಾರೆ, ಎಂದುಕೊಂಡಳು. ಆ ಅತ್ತೆ ಒಂದು ದಿನವೂ ಅವಳೊಡನೆ ಗಟ್ಟಿಯಾಗಿ ಮಾತಾಡಿದವರಲ್ಲ.

ತಿಳಿ ಹಸಿರು ಬಳ್ಳಿಯ ಕಾಗದ ಆರಿಸಿದ್ದಾಯಿತು. ಅಂಟಿನದೇ ತಕರಾರು.

"ಈ ಕಾಗದ ದಪ್ಪ ಮೇಡಂ. ನೀರಲ್ಲಿ ಕದಡೋ ಪುಡಿ ಇದರ ಭಾರ ತಡೆಯಲ್ಲ, ಡಬ್ಬಿದೇ ಬೇಕು," ಎಂದು ಅಂಗಡಿಯವನು ಮುಚ್ಚಳ ತೆಗೆದ. ಘಾಟು ಮೂಗಿಗೆ ಹೊಡೆಯಿತು.

"ನಮ್ಮತ್ತೆಗೆ ಉಬ್ಬಸ ಇದೆ. ಈ ವಾಸನೆ ಎಷ್ಟು ದಿನ ಇರುತ್ತೆ?"

"ಗೋಡೆ ಹಳೇದಾದ್ರೆ ಹೇಳೋಕಾಗಲ್ಲ."

ಜಾಣಿ ಡಬ್ಬಿ ಕೊಳ್ಳಲಿಲ್ಲ. ಶಾಲೆಯಲ್ಲಿದ್ದಾಗ ಪುಸ್ತಕಗಳಿಗೆ ರಟ್ಟು ಹಾಕಲು ಅಮ್ಮ ಮೈದಾ ಕಾಸಿ ಕೊಡುತ್ತಿದ್ದುದು ಅವಳಿಗೆ ನೆನಪಿತ್ತು. ವಾಸನೆಯಿಲ್ಲ, ವಿಷವಿಲ್ಲ, ಹಿಡಿದರೆ ಬಿಡುವುದಿಲ್ಲ. ಯಾರದೋ ಮನೆತನದ ಗೊಡ್ಡು ಮಾತಿಗೆ ಹೆದರಿ ಉಬ್ಬಸದ ಮುದುಕಿಗೆ ಘಾಟು ಕುಡಿಸುವುದೆ? ದಾರಿಯಲ್ಲೇ ಮೈದಾ ತಂದಳು. ಬೂಷ್ಟು ಹತ್ತದಿರಲಿ, ಹುಳ ಬೀಳದಿರಲಿ ಎಂದು, ತಿಂದರೆ ವಿಷವಾಗುವ ನೀಲಿ ಹರಳು, ಮೈಲುತುತ್ತವನ್ನೂ ತಂದಳು.

ಮರುದಿನ ಬೆಳಿಗ್ಗೆ ಗೋಡೆ ಕೆರೆದಳು, ಮರಳು ಕಾಗದದಿಂದ ಉಜ್ಜಿದಳು, ಒದ್ದೆ ಬಟ್ಟೆಯಲ್ಲಿ ಒರೆಸಿದಳು. ಗೋಡೆಯ ನಡುವೆ, ಮಂಚದ ಎತ್ತರಕ್ಕೆ, ಯಾವಾಗಲೋ ಕೊರೆದು ಮುಚ್ಚಿದ ಗುರುತೊಂದು ಕಂಡಿತು. ಹಳೆಯ ವಯರಿನ ಗುಳಿಯಿರಬೇಕು ಎಂದುಕೊಂಡು ಅದರ ಮೇಲೂ ಕೈಯಾಡಿಸಿದಳು. ದಾರಕ್ಕೆ ಭಾರ ಕಟ್ಟಿ ಮೇಲಿಂದ ಇಳಿಬಿಟ್ಟು ಗೋಡೆಯ ಮೇಲೆ ನೇರ ಗೆರೆ ಎಳೆದಳು. ಮೊದಲ ಹಾಳೆ ಸೊಟ್ಟಗಾದರೆ ಉಳಿದದ್ದೆಲ್ಲ ಸೊಟ್ಟ. ತಣ್ಣೀರಲ್ಲಿ ಮೈದಾ ಗಂಟಿಲ್ಲದಂತೆ ಕದಡಿ, ಕುದಿವ ನೀರಿಗೆ ಹೊಯ್ದು ತಿರುವಿದಳು. ಗಂಜಿಯಂತಿದ್ದದ್ದು ಹೊಳಪೇರಿ ಸೌಟಿಗೆ ಹಿಡಿಯತೊಡಗಿದಾಗ ಇಳಿಸಿದಳು. ಮೈಲುತುತ್ತ ಒಂದು ಚಿಟಿಕೆ ಸಾಕೆಂದು ಗೊತ್ತಿತ್ತು. ಆದರೆ ಆ ಮೂಲೆಗಳ ಕಪ್ಪು ನೆನೆದು ಕೈ ತುಸು ಧಾರಾಳವಾಯಿತು.

ಗೋಡೆಗೆ ಮೊದಲು ತೆಳ್ಳಗಿನ ಒಂದು ಕೋಟು ಬಳಿಯಬೇಕು. ಬಳಿದಳು. ಬ್ರಷ್ಷು ಎತ್ತುವಷ್ಟರಲ್ಲಿ ಗೋಡೆ ಒಣಗಿತ್ತು.

ಹಳೆಯ ಸುಣ್ಣ ನೀರು ಹೀರುತ್ತದೆ, ಸಹಜ. ಮತ್ತೆ ಬಳಿದಳು. ಮತ್ತೆ ಒಣಗಿತು. ಗಂಜಿ ಸುರಿದು ಕುಡಿಯುವವರ ಗಂಟಲಿನ ಸಣ್ಣ ಸದ್ದು ಎಲ್ಲಿಂದಲೋ ಕೇಳಿದಂತಾಯಿತು. ಬಚ್ಚಲ ನಲ್ಲಿಯಿರಬೇಕು. ಪಾತ್ರೆ ಬರಿದಾಯಿತು, ಇನ್ನೊಂದು ಪಾತ್ರೆ ಕಾಸಿದಳು, ಇನ್ನೊಂದು ಕಾಸಿದಳು. "ಕುಡಿ ಮಾರಾಯ, ಹೊಟ್ಟೆ ತುಂಬ ಕುಡಿ," ಎಂದು ಗೋಡೆಗೆ ಬೈದು ತಾನೇ ನಕ್ಕಳು.

ಕೊನೆಗೊಮ್ಮೆ ಗೋಡೆ ಸಾಕೆಂದಿತು. ಹಾಳೆಗಳನ್ನು ಮೇಲೆ ಕೆಳಗೆ ಬೆರಳಗಲ ಹೆಚ್ಚಿಗೆ ಬಿಟ್ಟು ಕತ್ತರಿಸಿ, ಬೆನ್ನಿಗೆ ಅಂಟು ಸವರಿ, ಮಡಚಿ ನೆನೆಯಲು ಬಿಟ್ಟು, ಒಂದೊಂದಾಗಿ ಮೇಲಿನಿಂದ ಇಳಿಸಿದಳು. ನಡುವಿನಿಂದ ಅಂಚಿಗೆ ಬ್ರಷ್ಷು ಎಳೆದು ಗಾಳಿ ಹೊರದೂಡಿದಳು. ಬಳ್ಳಿಗೆ ಬಳ್ಳಿ ಕೂಡಿತು. ಸಂಜೆಗೆ ಕೋಣೆ ತೋಟವಾಗಿತ್ತು. ಗೋಡೆಯ ನಡುವೆ ಮಾತ್ರ ಒಂದು ಗುಳ್ಳೆ ಉಳಿಯಿತು. ಸೂಜಿ ಚುಚ್ಚಿದಳು. ಒಳಗಿಂದ ಬಂದ ಗಾಳಿ ಬೆಚ್ಚಗಿತ್ತು, ಹಳಸಿದ ಬಾಯಿಯ ಉಸಿರಿನಂತೆ ನಾರುತ್ತಿತ್ತು.

ಮಾರನೆಯ ಬೆಳಿಗ್ಗೆ ಮಗನೊಂದಿಗೆ ಆಂಬುಲೆನ್ಸಿನಲ್ಲಿ ಬಂದ ಅತ್ತೆಯನ್ನು ಆ ಗೋಡೆಗೆ ಒತ್ತಿದ ಮಂಚದ ಮೇಲೆ ಮಲಗಿಸಿದರು. ಅವರು ಗೋಡೆ ಸವರಿ ನೋಡಿ, "ಏನ್ ಚೆಂದ ಮಾಡಿದೀಯೇ ಜಾಣಿ! ಏನೋ ಬಿಸಿ ಅನ್ನದ ಘಮ ಬರುತ್ತಲ್ಲ," ಎಂದರು. ಗಂಡ ಹೆಂಡತಿಯ ಭುಜ ತಟ್ಟಿ ಕೆಲಸದ ಜಾಗಕ್ಕೆ ಹೊರಟುಹೋದ.

ಅವತ್ತು ಮಧ್ಯಾಹ್ನ ಜಾಣಿ ಊಟ ಮುಗಿಸಿ, ಅತ್ತೆಗೆ ತಟ್ಟೆಯಲ್ಲಿ ಅನ್ನ ಬಡಿಸಿಕೊಂಡು ಹೊರಟಳು. ಅಡುಗೆಮನೆಯಿಂದ ಕೋಣೆಗೆ ಒಂದು ಸಣ್ಣ ಓಣಿ ದಾಟಬೇಕು. ಓಣಿಯ ನಡುವೆ ಅವಳ ಹೊಟ್ಟೆಯೊಳಗೆ ಏನೋ ಬಾಯ್ದೆರೆಯಿತು. ಅದು ಹಸಿವಲ್ಲ, ಹಸಿವು ಅವಳಿಗೆ ಗೊತ್ತಿತ್ತು. ಒಳಗಿನ ಗೋಡೆಗಳೆಲ್ಲ ಕುಸಿದು ಬರೀ ಬಾವಿಯೊಂದು ಉಳಿದ ಹಾಗೆ. ಒಂದು ತುತ್ತು ತೆಗೆದಳು. ಬಾಗಿಲು ಮುಟ್ಟುವಾಗ ತಟ್ಟೆ ಖಾಲಿಯಾಗಿತ್ತು.

"ಅತ್ತೆ, ಅನ್ನ ಸೀದುಹೋಯ್ತು. ಇನ್ನೊಂದು ಸಲ ಇಡ್ತೀನಿ," ಎಂದಳು. ಮದುವೆಯಾದ ಮೇಲೆ ಅತ್ತೆಗೆ ಹೇಳಿದ ಮೊದಲ ಸುಳ್ಳು ಅದು. ಅನ್ನ ಮತ್ತೆ ಬೆಂದಿತು. ಅದೂ ಓಣಿ ದಾಟಲಿಲ್ಲ.

ಆಮೇಲೆ ದಿನವೂ ಅದೇ ಕತೆ. ತನ್ನ ಪಾಲು ಉಂಡರೂ ಅಷ್ಟೇ, ಉಣ್ಣದಿದ್ದರೂ ಅಷ್ಟೇ; ಅತ್ತೆಯದೆಂದು ಕೈಗೆ ತೆಗೆದುಕೊಂಡ ಕ್ಷಣ ಆ ಬಾಯಿ ತೆರೆಯುತ್ತಿತ್ತು. ಹೋಟೆಲಿನಿಂದ ತರಿಸಿದಳು, ಪೊಟ್ಟಣವನ್ನು ಬಾಗಿಲಲ್ಲೇ ಹರಿದು ನಿಂತಲ್ಲೇ ತಿಂದಳು. ಬ್ರೆಡ್ಡು ಹಾಸಿಗೆಯ ಪಕ್ಕದಲ್ಲಿಟ್ಟು ಓಡಿ ಬಂದಳು. ಕಾಲು ತಾನಾಗಿ ಹಿಂದಿರುಗಿ, ನಿದ್ದೆ ಹೋಗಿದ್ದ ಮುದುಕಿಯ ತಲೆಯ ಬಳಿಯಿಂದ ಅದನ್ನು ಎತ್ತಿಕೊಂಡು ಬಂದಿತು. ಎಲ್ಲೋ ಅಪರೂಪಕ್ಕೆ ಅರ್ಧ ಲೋಟ ಹಾಲು ಅತ್ತೆಯ ಬಾಯಿ ಮುಟ್ಟುತ್ತಿತ್ತು. ಇಷ್ಟು ತಿಂದರೂ ಜಾಣಿಯ ಕೆನ್ನೆ ಒಳಕ್ಕೆ ಹೋಯಿತು, ಬಳೆ ಮೊಣಕೈಗೆ ಜಾರಿತು. ಕೋಣೆಯ ಗೋಡೆ ಮಾತ್ರ ಉಬ್ಬುತ್ತಿತ್ತು. ಬಳ್ಳಿಗಳ ನಡುವಿನ ಆ ಗುಳ್ಳೆ ಮೊದಲು ಬಟ್ಟಲಾಯಿತು, ಆಮೇಲೆ ಬೋಗುಣಿಯಾಯಿತು. ಬೇಯಿಸಿದ ಹಿಟ್ಟಿನ ಘಮ ಕೋಣೆ ತುಂಬಿತು.

ಗಂಡನಿಗೆ ಹೇಳಬಹುದಿತ್ತು. ಆದರೆ ಏನೆಂದು ಹೇಳುವುದು? ನಿನ್ನ ತಾಯಿಯ ಅನ್ನ ನಾನು ತಿನ್ನುತ್ತಿದ್ದೇನೆ ಎಂದೆ? "ಸಹಾಯಕ್ಕೆ ಯಾರನ್ನಾದ್ರೂ ಇಡೋಣ್ವಾ?" ಎಂದು ಅವನೇ ಕೇಳಿದಾಗ ಬೇಡವೆಂದಳು. ಬಂದವರು ನೋಡಿಬಿಡುತ್ತಾರಲ್ಲ! ತನಗೇನೋ ಕಾಯಿಲೆ, ಲ್ಯಾಬಿಗೆ ಹೋಗಿ ರಕ್ತ ಕೊಟ್ಟರೆ ತಿಳಿದೀತು ಎಂದುಕೊಂಡಳು. ಅಲ್ಲಿನವರು ಕಾರಣ ಕೇಳಿದರೆ ಏನು ಹೇಳಲಿ ಎಂಬ ನಾಚಿಕೆಗೆ ಅದನ್ನೂ ಬಿಟ್ಟಳು.

ಒಂದು ದಿನ ಬಾಗಿಲ ಮರೆಯಲ್ಲಿ ನಿಂತು ಅವಳು ಅತ್ತೆಯ ಮೊಟ್ಟೆ ನುಂಗುತ್ತಿದ್ದಾಗ ಒಳಗಿನಿಂದ ಮೆಲ್ಲಗೆ ದನಿ ಬಂತು. "ನಿಧಾನಕ್ಕೆ ತಿನ್ನೇ, ಗಂಟಲಿಗೆ ಸಿಕ್ಕಾಕೊಳ್ಳುತ್ತೆ."

ಅವಳು ತುಂಬಿದ ಬಾಯಿಗೆ ಕೈ ಒತ್ತಿಕೊಂಡಳು.

"ನಾನೂ ಬಸುರಿಯಾಗಿದ್ದೋಳೇ ಅಲ್ವೇನೇ? ಆಗ ಗೋಡೆ ಸುಣ್ಣಾನೂ ಬಿಡ್ತಿರ್ಲಿಲ್ಲ ನಾನು. ಹೇಳೋಕೆ ನಾಚಿಕೆ ಪಡ್ತಿದೀಯ ಅಂತ ಸುಮ್ನಿದ್ದೆ. ನೀನ್ ತಿನ್ನು. ನಂಗೆ ಮಲಗಿದ್ದಲ್ಲೇ ಹಸಿವೆಲ್ಲಿ ಬರುತ್ತೆ?"

ಅಲ್ಲ ಅತ್ತೆ, ಅಂಥದ್ದೇನೂ ಇಲ್ಲ ಎನ್ನಬೇಕಿತ್ತು. ಬಾಯಲ್ಲಿ ಮೊಟ್ಟೆಯಿತ್ತು. ನುಂಗಿದ ಮೇಲೂ ಅವಳು ಅನ್ನಲಿಲ್ಲ. ಆ ಸುಳ್ಳು ಅವಳಿಗೆ ಕಂಬಳಿಯಂತೆ ಬೆಚ್ಚಗಿತ್ತು. ಸಂಜೆ ಮಗನ ಫೋನು ಬಂದಾಗ ಅತ್ತೆ, "ನಿನ್ನ ಹೆಂಡ್ತಿ ನನ್ನನ್ನ ಮಗು ಥರ ನೋಡ್ಕೊಂತಾಳೆ ಕಣೋ," ಎನ್ನುವುದು ಗೋಡೆಯಾಚೆ ಕೇಳಿಸಿತು. ಆ ದನಿ ಒಣಗಿದ ಎಲೆಯಷ್ಟು ತೆಳ್ಳಗಾಗಿತ್ತು.

ಮೋಡ ಕವಿದು ಹಗಲೇ ಕತ್ತಲಾಗಿದ್ದ ಒಂದು ಮಧ್ಯಾಹ್ನ, ಕರೆಂಟೂ ಹೋಗಿತ್ತು. ಜಾಣಿ ಮನೆ ಒಡತಿಯ ಬಾಗಿಲು ತಟ್ಟಿದಳು. ಅತ್ತೆಗೆ ಒಂದು ತಟ್ಟೆ ಊಟ ನೀವೇ ತಂದು ಉಣಿಸಿ ಎಂದು ಕೇಳಲು ಬಂದಿದ್ದಳು. ಒಡತಿ ಒಳಗೆ ಕರೆದು ಬಿಸ್ಕತ್ತಿನ ತಟ್ಟೆ ಮುಂದಿಟ್ಟರು.

"ಅತ್ತೆಗೂ ಎರಡು ತಗೊಂಡ್ಹೋಗು," ಎಂದರು.

ಆ ಮಾತು ಸಾಕಾಯಿತು. ತಟ್ಟೆ ಬರಿದಾಯಿತು. ಡಬ್ಬಿಗೆ ಕೈ ಹಾಕಿದಳು, ಅದೂ ಬರಿದಾಯಿತು. ಮಡಿಲಲ್ಲಿ ಬಿದ್ದ ಪುಡಿಯನ್ನು ಬೆರಳಿಗೆ ಅಂಟಿಸಿ ನೆಕ್ಕುವಾಗ ತಲೆಯೆತ್ತಿದಳು. ಒಡತಿ ಹಿಂದೆ ಸರಿದು ಗೋಡೆಗೆ ಒರಗಿದ್ದರು.

"ಹಿಟ್ಟು ಹಚ್ಚಿದ್ಯಾ?"

ಜಾಣಿ ತಲೆ ತಗ್ಗಿಸಿದಳು.

"ನಮ್ಮಜ್ಜಿ..." ಒಡತಿಯ ದನಿ ಕೆಳಗಿಳಿಯಿತು. "ಅವಳು ಸೊಸೆಗೆ ಅನ್ನ ಹಾಕ್ತಿರ್ಲಿಲ್ಲ. ಆ ಕೋಣೇಲಿ ಕೂಡಿಹಾಕಿದ್ಲು. ನೆಂಟರ ಕಣ್ಣಿಗೆ ಚೆಂದ ಕಾಣ್ಲಿ ಅಂತ ಹಿಟ್ಟು ಕಾಸಿ ಗೋಡೆಗೆ ಕಾಗದ ಅಂಟಿಸಿದ್ಲು. ಆ ಹುಡುಗಿ ಹಸಿವಿಗೆ ಕಾಗದ ಕಿತ್ತು ಅಂಟು ನೆಕ್ತಿತ್ತಂತೆ. ಅದು ಅಜ್ಜಿಗೆ ಗೊತ್ತಾಯ್ತು. ಮುಂದಿನ ಸಲ ಕಾಸುವಾಗ ಮೈಲುತುತ್ತ ಬೆರೆಸಿದ್ಲು. ಗೊತ್ತಿದ್ದೇ ಬೆರೆಸಿದ್ಲು ಕಣಮ್ಮ."

ಜಾಣಿಯ ಬೆರಳು ಬಾಯಲ್ಲೇ ಉಳಿಯಿತು.

"ಸತ್ತವಳ ತಾಯಿ ಬಂದ್ಲು. ಅಳ್ಲಿಲ್ಲವಂತೆ. ಹಿಟ್ಟಿನ ಗೊಂಬೆ ಮಾಡಿ, ಮೈತುಂಬ ಸೂಜಿ ಚುಚ್ಚಿ, ಏನೇನೋ ಮಂತ್ರ ಹೇಳ್ಕೊಂಡು ಗೋಡೆ ಕೊರೆದು ಒಳಗಿಟ್ಲು. 'ಈ ಗೋಡೆಗೆ ಹಿಟ್ಟು ಕೊಟ್ಟೋರಿಗೆ ನನ್ನ ಮಗಳ ಹಸಿವು ಹತ್ಲಿ. ತಮ್ಮೋರ ಅನ್ನ ತಮ್ಮ ಕೈಯಿಂದ್ಲೇ ಕಿತ್ಕೊಳ್ಲಿ' ಅಂದ್ಲು. ಅಜ್ಜಿ ನಕ್ಕು, ಕೊರೆದ ಗುರುತು ಮುಚ್ಚೋಕೆ ಮತ್ತೆ ಹಿಟ್ಟು ಕಾಸಿ ಕಾಗದ ಹಚ್ಚಿದ್ಲು. ಆಮೇಲೆ ತನ್ನ ಮಗಳ ತೊಟ್ಟಿಲ ಕೂಸಿನ ಹಾಲನ್ನೂ ಬಿಡಲಿಲ್ಲ ಅವಳು. ಆ ಕೂಸು ಉಳೀಲಿಲ್ಲ."

"ಮೊದ್ಲೇ ಯಾಕೆ ಹೇಳ್ಲಿಲ್ಲ ಆಂಟಿ?"

"ನಾಚಿಕೆ ಕಣಮ್ಮ. ನಮ್ಮಜ್ಜಿ ಕೊಲೆಗಾತಿ ಅಂತ ಯಾವ ಬಾಯಲ್ಲಿ ಹೇಳ್ಲಿ?"

ಅವರನ್ನು ಬೈಯುವ ಬಾಯಿ ಜಾಣಿಗೂ ಇರಲಿಲ್ಲ. ಮೈಲುತುತ್ತ ಎಂಬ ಮಾತು ತಲೆಯೊಳಗೆ ಗಂಟೆಯಂತೆ ಬಡಿಯುತ್ತಿತ್ತು. ಗೋಡೆಗೆ ಒತ್ತಿದ ಮಂಚ. ಹಸಿದ ಮುದುಕಿ. ಬಿಸಿ ಅನ್ನದ ಘಮ. ಅವಳು ಎದ್ದು ಓಡಿದಳು.

ಮನೆಯೊಳಗೆ ಕತ್ತಲು. ಓಣಿಯ ತುಂಬ ಆ ಘಮ. ಘಮದ ಜೊತೆ ಒಂದು ಸದ್ದು. ಬೆಕ್ಕು ಹಾಲು ನೆಕ್ಕುವಂಥ ಸದ್ದು. ನಲ್ಲಿಯದಲ್ಲ. ಬಾಗಿಲು ನೂಕಿದಳು.

ಅತ್ತೆ ಗೋಡೆಯ ಕಡೆ ತಿರುಗಿದ್ದರು. ಕೈಗೆಟುಕುವಷ್ಟೆತ್ತರ ಕಾಗದ ಹರಿದು ಜೋತಾಡುತ್ತಿತ್ತು. ನರೆತ ತಲೆ ಮೇಲೆ ಕೆಳಗೆ ಆಡುತ್ತಿತ್ತು. ನಾಲಿಗೆ ಗೋಡೆಯ ಮೇಲಿತ್ತು.

"ಅತ್ತೆ!"

ಅವರು ತಿರುಗಿದರು. ತುಟಿ ನೀಲಿ. ಹಲ್ಲು ನೀಲಿ. ಗಲ್ಲದ ಮೇಲೆ ನೀಲಿ ಜೊಲ್ಲು. ಕೈಯಲ್ಲಿ ಒಂದು ತುಂಡು ಕಾಗದ, ಅದರ ಬೆನ್ನಿಗೆ ದಪ್ಪಗೆ ಅಂಟು. "ಹೊಟ್ಟೆ ಉರೀತು ಕಣೇ..." ಎಂದು ಅವರು ತಪ್ಪೊಪ್ಪಿಕೊಳ್ಳುವ ಮಗುವಿನಂತೆ ಆ ತುಂಡನ್ನು ಹೊದಿಕೆಯೊಳಗೆ ಮರೆಮಾಡಲು ನೋಡಿದರು.

ಜಾಣಿ ಹಾಸಿಗೆಗೆ ಹಾರಿದಳು. ಹಿಡಿದಳು. ಕಿತ್ತುಕೊಂಡಳು. ವಿಷವೆಂದು ಕಿತ್ತುಕೊಂಡಳೆ? ಅಲ್ಲ. ಅದು ಅತ್ತೆಯ ಕೈಯಲ್ಲಿತ್ತು. ಅದು ಅತ್ತೆಯ ತುತ್ತು. ಒಳಗಿನ ಬಾಯಿ ತೆರೆದಿತ್ತು. ಅಂಟಿನ ತುಂಡು ಅವಳ ಹಲ್ಲಿನ ನಡುವೆ ಇತ್ತು.

ಅತ್ತೆ ನೋಡಿದರು. ಆ ಕತ್ತಲಲ್ಲೂ ಆ ಕಣ್ಣು ಕಂಡಿತು. ಸಿಟ್ಟಿರಲಿಲ್ಲ ಅದರಲ್ಲಿ. ಬರೀ ಬೆರಗು.

ಜಾಣಿ ಚೀರಿದಳು. ಉಗಿದಳು. ಮೂಲೆಯಲ್ಲಿದ್ದ ಕೆರೆಯುವ ಕತ್ತಿ ಹಿಡಿದು ಗೋಡೆಯ ಉಬ್ಬಿಗೆ ಹೊಡೆದಳು. ಕಾಗದ ಸೀಳಿತು. ಗಾರೆ ಉದುರಿತು. ಬೆಚ್ಚಗಿನ ಹಳಸಲು ಉಸಿರು ಮುಖಕ್ಕೆ ಬಡಿಯಿತು. ಮತ್ತೆ ಹೊಡೆದಳು. ಕೈ ಒಳಗೆ ಹೋಯಿತು. ಮೆತ್ತಗಿತ್ತು. ಬಿಸಿಯಿತ್ತು. ಉಸಿರಾಡುತ್ತಿತ್ತು. ಎಳೆದಳು.

ಹಿಟ್ಟಿನ ಗೊಂಬೆ. ಎಂದೋ ಮಾಡಿದ್ದು ಈಗತಾನೆ ನಾದಿದಂತೆ ಹಸಿಯಾಗಿತ್ತು. ಮೈತುಂಬ ಸೂಜಿ. ಹೊಟ್ಟೆ ಬಿರಿಯುವಷ್ಟು ಉಬ್ಬಿತ್ತು. ಅವಳು ತಿಂದದ್ದೆಲ್ಲ ಅಲ್ಲಿತ್ತು. ಅತ್ತೆಯ ಅನ್ನ, ಅತ್ತೆಯ ಹಾಲು, ಅತ್ತೆಯ ಮೊಟ್ಟೆ. ಅದರ ಘಮಕ್ಕೆ ಅವಳ ಬಾಯಲ್ಲಿ ನೀರೂರಿತು. ಗೊಂಬೆ ತುಟಿಯ ಹತ್ತಿರ ಬಂತು. ಯಾರು ತಂದರು? ಅವಳ ಕೈಯೇ. ಸೂಜಿ ತುಟಿಗೆ ತಾಗಿತು. ರಕ್ತ ಬಂತು. ಬಾಯಿ ಮುಚ್ಚಲಿಲ್ಲ.

ಒಣ ಕಡ್ಡಿಯಂಥ ಬೆರಳುಗಳು ಅವಳ ಮಣಿಕಟ್ಟು ಹಿಡಿದವು.

"ಬೇಡಮ್ಮ... ಅದು ಬೇಡ. ಮಗೂಗೆ ಆಗಲ್ಲ."

ಕೈ ಸಡಿಲಿತು. ಗೊಂಬೆ ಮಂಚದ ಪಕ್ಕದಲ್ಲಿ ಮೈ ಒರೆಸಲು ಇಟ್ಟಿದ್ದ ನೀರಿನ ಬಕೆಟ್ಟಿಗೆ ಬಿತ್ತು. ನೀರು ಹಾಲಾಯಿತು. ಮೊದಲು ಕೈಕಾಲು ಕರಗಿತು, ಆಮೇಲೆ ಮುಖ. ಕೊನೆಗೆ ಹೊಟ್ಟೆ. ಸೂಜಿಗಳು ಒಂದೊಂದಾಗಿ ತಳಕ್ಕಿಳಿದು ಸಣ್ಣಗೆ ಟಣ್ಣೆಂದವು. ಜಾಣಿಯ ಒಳಗಿನ ಬಾಯಿ ಮುಚ್ಚಿಕೊಂಡಿತು. ಅದು ಮುಚ್ಚಿದ ಕೂಡಲೇ ತಾನು ಮಾಡಿದ್ದೆಲ್ಲ ಅವಳಿಗೆ ಒಟ್ಟಿಗೇ ಕಂಡಿತು.

ಆಸ್ಪತ್ರೆಗೆ ಸೇರಿಸಿದ್ದರಿಂದ ಅತ್ತೆ ಉಳಿದರು. ಗಂಟಲು ಸುಟ್ಟಿತ್ತು, ಹೊಟ್ಟೆಯಲ್ಲಿ ಹುಣ್ಣಾಗಿತ್ತು. ಇನ್ನು ಮುಂದೆ ಗಟ್ಟಿ ಪದಾರ್ಥ ತಿನ್ನುವಂತಿಲ್ಲ, ಬದುಕಿರುವ ತನಕ ತೆಳ್ಳಗಿನದನ್ನೇ ಗುಟುಕರಿಸಬೇಕು ಎಂದರು ವೈದ್ಯರು. ಆ ವೈದ್ಯರೇ ರೋಗಿಯ ಪಕ್ಕೆಲುಬು ನೋಡಿ, ಗಂಡನ ಎದುರಿಗೇ ಕೇಳಿದರು. "ಇವರಿಗೆ ಮನೇಲಿ ಊಟ ಕೊಡ್ತಿರಲಿಲ್ವಾ?"

ಜಾಣಿ ಬಾಯಿ ತೆರೆದಳು. ಈಗ ಹೇಳಬೇಕು. ಆದರೆ ಹಾಸಿಗೆಯಿಂದ ಗೊಗ್ಗರು ದನಿ ಮೊದಲು ಬಂತು.

"ನಂಗೇ ಸೇರ್ತಿರಲಿಲ್ಲ ಡಾಕ್ಟ್ರೇ. ಅವಳು ಕಾಲು ಹಿಡಿದು ಬೇಡ್ಕೊಂಡ್ರೂ ನಾನೇ ತಿನ್ಲಿಲ್ಲ. ಜ್ವರದ ಮಂಪರಲ್ಲಿ ಗೋಡೆ ಕಿತ್ತೋಳೂ ನಾನೇ."

ಗಂಡ ಹೆಂಡತಿಯ ಕೈ ಹಿಡಿದುಕೊಂಡ. "ನೀನು ಸಮಯಕ್ಕೆ ನೋಡದಿದ್ರೆ ಅಮ್ಮ ನಮಗೆ ಸಿಗ್ತಿರಲಿಲ್ಲ ಜಾಣಿ," ಎಂದು ಅತ್ತ. ಅವಳು ಕೈ ಬಿಡಿಸಿಕೊಳ್ಳಲಾರದೆ, ಹಿಡಿದುಕೊಳ್ಳಲೂ ಆಗದೆ ನಿಂತಳು.

ಅವನು ಔಷಧಿ ತರಲು ಹೊರಗೆ ಹೋದಾಗ ಅತ್ತೆ ಹತ್ತಿರ ಕರೆದರು. ಮೆಲ್ಲಗೆ, ಗುಟ್ಟು ಕೇಳುವವರಂತೆ, "ಈಗಲಾದ್ರೂ ಹೇಳೇ. ಎಷ್ಟು ತಿಂಗಳು?" ಎಂದರು.

ಇನ್ನೊಂದು ಸುಳ್ಳು ನಾಲಿಗೆಯ ತುದಿಯಲ್ಲೇ ಇತ್ತು. ಜಾಣಿ ಅದನ್ನು ನುಂಗಿಕೊಂಡಳು. "ಇಲ್ಲ ಅತ್ತೆ. ಯಾವತ್ತೂ ಇರಲಿಲ್ಲ."

ಹಾಗಾದರೆ ಯಾಕೆ ಎಂದು ಅತ್ತೆ ಕೇಳಿದ್ದರೆ ಗೋಡೆಯ ಕತೆಯನ್ನೆಲ್ಲ ಹೇಳಿಬಿಡುತ್ತಿದ್ದಳು. ಮಾಟ, ಗೊಂಬೆ, ಸೂಜಿ, ಎಲ್ಲವನ್ನೂ. ಅವರು ಕೇಳಲಿಲ್ಲ. ಹೊದಿಕೆಯನ್ನು ಎದೆಯವರೆಗೆ ಎಳೆದುಕೊಂಡು ಕಣ್ಣು ಮುಚ್ಚಿದರು. ಕಣ್ಣು ತೆರೆಯದೆಯೇ ಅಂದರು.

"ನಿನ್ನೆಯಿಂದ ಹಾಗೇ ಇದೀಯ. ಕೆಳಗೆ ಹೋಗಿ ಏನಾದ್ರೂ ತಿನ್ಕೊಂಡು ಬಾ, ಹೋಗು."